ಗೂಳಿ ಹದಿನೇಳು ಇಳಿದ ಮೂರು ಮೆಟ್ಟಿಲು

"ಮಾವ, ಆ ಸುತ್ತಿಗೆ ಇಲ್ಲಿ ಕೊಡಿ. ಪೆಟ್ಟಿಗೆ ಒಡೀತಿದ್ದೀರೋ, ಮಗುವಿನ ಬೆನ್ನು ತಟ್ಟಿ ಮಲಗಿಸ್ತಿದ್ದೀರೋ?"

"ಜೋರಾಗಿ ಹೊಡೆದ್ರೆ ಒಳಗಿನ ಕಾಗದ ಹರಿದುಹೋಗತ್ತೆ ಕಣಮ್ಮ. ಮರಳು ಬೇರೆ ನುಗ್ಗಿದೆ. ಬಿಟ್ಟುಬಿಡು, ಅದ್ರಲ್ಲಿ ಏನೂ ಉಳಿದಿರಲ್ಲ."

ಬಿಟ್ಟುಬಿಡು ಅಂದರೆ ಇನ್ನೂ ಗಟ್ಟಿಯಾಗಿ ಹಿಡಿಯುವುದು ನನ್ನ ಹುಟ್ಟುಗುಣ. ಸುತ್ತಿಗೆ ಕಿತ್ತುಕೊಂಡೆ. ಎಂಜಿನ್ನಿನ ಕ್ಯಾಬು ಎಡಕ್ಕೆ ವಾಲಿ ನಿಂತಿತ್ತು. ನಾನು ಒಂದು ಕಾಲನ್ನು ಬಾಗಿಲಿಗೆ, ಇನ್ನೊಂದನ್ನು ಚಾಲಕನ ಸೀಟಿಗೆ ಒತ್ತಿಕೊಂಡು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವೇಗ ಬರೆಯುವ ಪೆಟ್ಟಿಗೆಯ ಜಜ್ಜಿಹೋದ ಮುಚ್ಚಳಕ್ಕೆ ನಾಲ್ಕು ಬಾರಿಸಿದೆ. ಐದನೆಯದಕ್ಕೆ ಅದು ಹಾರಿ ಮಾವನ ಮೊಣಕಾಲಿಗೆ ಬಡಿಯಿತು.

"ಅಯ್ಯೋ!"

"ಕಾಗದ ಇದೆ ಮಾವ! ಇಡಿಯಾಗಿದೆ!"

ಗಂಟೆ ಎರಡೂವರೆ. ನನಗೆ ಉಳಿದಿದ್ದದ್ದು ಒಂದೂವರೆ ಗಂಟೆ. ಮೊನ್ನೆ ಬೆಳಗ್ಗೆ ಹನ್ನೊಂದಕ್ಕೆ ಈ ಎಂಜಿನ್ ಐವತ್ತೆಂಟು ವ್ಯಾಗನ್ ಕಲ್ಲಿದ್ದಲಿನೊಂದಿಗೆ ಕೆಂಪು ಸಿಗ್ನಲ್ ದಾಟಿ ಬಂದು ಮರಳಿನ ದಿಬ್ಬಕ್ಕೆ ಮೂತಿ ಹೂತಿತ್ತು. ಚಾಲಕ ನಿದ್ದೆ ಹೋಗಿದ್ದ ಎಂದು ಇಲಾಖೆ. ತಾನು ಎಂಜಿನ್ನಿನಲ್ಲಿ ಇರಲೇ ಇಲ್ಲ ಎಂದು ಚಾಲಕ. ಇವತ್ತು ನಾಲ್ಕಕ್ಕೆ ದೊಡ್ಡ ಸಾಹೇಬರು ವರದಿಗೆ ಸಹಿ ಹಾಕಿದರೆ ಅವನು ನೇರ ಪೊಲೀಸರ ಕೈಗೆ. ಇಲಾಖೆಯ ತನಿಖೆ ಮಾಡುವವಳು ನಾನು. ಅವರದರ ಜೊತೆ ನನ್ನ ಸಹಿಯೂ ಬೀಳಬೇಕು. ಮನಸ್ಸು ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ.

ಗೂಳಿಗಳ ಬಗ್ಗೆ ಎರಡು ಮಾತು ಹೇಳಬೇಕು. ಕಾಗದದಲ್ಲಿ ಈ ಜಾತಿಯ ಡೀಸೆಲ್ ಎಂಜಿನ್ನಿಗೆ ಉದ್ದನೆಯ ನಂಬರು ಇದೆ, ಯಾರೂ ಅದನ್ನು ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಗೂಳಿ. ಒಂದೇ ಅಚ್ಚಿನಲ್ಲಿ ಮಾಡಿದ ಇಪ್ಪತ್ತೆರಡು ಎಂಜಿನ್ನುಗಳು, ಇದು ಹದಿನೇಳನೆಯದು, ಬಂದದ್ದೇ ಗಣಿಯಿಂದ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲು ಎಳೆಯಲು. ಹನ್ನೆರಡು ಚಕ್ರ, ಒಂದು ಕಡೆ ಉದ್ದ ಮೂಗು, ಇನ್ನೊಂದು ಕಡೆ ಬೀರುವಿನಂಥ ಕ್ಯಾಬು. ಓಡು ಅಂದರೆ ಓಡುವುದಿಲ್ಲ, ಎಳೆ ಅಂದರೆ ಗುಡ್ಡವನ್ನಾದರೂ ಎಳೆಯುತ್ತವೆ.

ನಮ್ಮ ಮಾವ ಇಪ್ಪತ್ತೆಂಟು ವರ್ಷ ಗೂಳಿ ಓಡಿಸಿ ನಿವೃತ್ತರಾದವರು. ಮಗ, ಅಂದರೆ ನನ್ನ ಗಂಡ, ಷೆಡ್ಡಿನಲ್ಲಿ ಬೆಳಗಿನ ಪಾಳಿಯಲ್ಲಿ ಎಂಜಿನ್ನುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಗುಮಾಸ್ತ. ಮಗಳು, ಅಂದರೆ ನನ್ನ ನಾದಿನಿ, ಅದೇ ಷೆಡ್ಡಿನಲ್ಲಿ ಬ್ರೇಕ್ ಫಿಟ್ಟರ್, ಸೇರಿ ಆರು ತಿಂಗಳಾಗಿದೆ. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಒಣಹಾಕಿದ ಬಟ್ಟೆಯೂ ಡೀಸೆಲ್ ವಾಸನೆ ಹೊಡೆಯುತ್ತದೆ.

ಮಾವನನ್ನು ನಾನು ಕರೆತಂದದ್ದು ಒಂದೇ ಕಾರಣಕ್ಕೆ. ಈ ವೇಗದ ಕಾಗದವನ್ನು ನೋಡಿ, ಎಂಜಿನ್ ಓಡಿಸಿದವರು ಯಾರು ಎಂದು ಅವರು ಹೇಳಬಲ್ಲರು. ಒಬ್ಬೊಬ್ಬ ಚಾಲಕನಿಗೂ ಒಂದೊಂದು ಕೈ ಇರುತ್ತದಂತೆ. ಅರ್ಧ ಷೆಡ್ಡಿಗೆ ಕೈ ತಿದ್ದಿಸಿದವರು ಅವರೇ.

ಕಾಗದವನ್ನು ಸೀಟಿನ ಮೇಲೆ ಹರಡಿದೆ. ಕೆಂಪು ಶಾಯಿಯ ಒಂದೇ ಗೆರೆ. ಮಾವ ಕನ್ನಡಕ ಹಾಕಿಕೊಂಡು ಬಗ್ಗಿದರು.

"ನೋಡು, ಇಲ್ಲಿ ನಿಂತಿದೆ. ಹತ್ತು ಐವತ್ತೆರಡು. ಪಕ್ಕದ ಹಳಿಯಲ್ಲಿ ನಿಲ್ಲಿಸಿರೋದು. ಇಲ್ಲಿಂದ ಹೊರಡ್ತು."

"ಇದು ಹೊರಟಿದ್ದಾ? ಇಷ್ಟು ಮೆತ್ತಗೆ?"

"ಹ್ಞಾಂ! ಅದನ್ನೇ ನೋಡು." ಮಾವನ ದನಿ ಏರಿತು. ಎಷ್ಟೇ ಬೇಡ ಅಂದುಕೊಂಡರೂ ಗೂಳಿಯ ವಿಷಯ ಬಂದರೆ ಅವರಿಗೆ ತಡೆಯಲಾಗುವುದಿಲ್ಲ. "ಎಂಜಿನ್ ಎಳೆದ್ರೆ ಗೆರೆ ಎಗರತ್ತೆ. ಒಂದೊಂದು ವ್ಯಾಗನ್ನಿನ ಕೊಂಡಿ ಬಿಗಿಯೋವಾಗ ಒಂದೊಂದು ಜಗ್ಗು. ಇಲ್ಲಿ ಒಂದೂ ಜಗ್ಗಿಲ್ಲ. ಎಣ್ಣೆ ಸುರಿದ ಹಾಗೆ ಏರಿದೆ. ಇದನ್ನ ಯಾರೂ ಎಳೆದಿಲ್ಲ ಕಣಮ್ಮ. ಇಳಿಜಾರಲ್ಲಿ ತಾನೇ ಉರುಳಿದೆ!"

ನನಗೆ ಕುಣಿಯಬೇಕು ಅನ್ನಿಸಿತು. ವಾಲಿದ ಕ್ಯಾಬಿನಲ್ಲಿ ಕುಣಿದರೆ ಬೀಳುತ್ತೇನೆಂದು ಸುಮ್ಮನಾದೆ.

ಚಾಲಕ ಮೊದಲ ದಿನದಿಂದ ಹೇಳುತ್ತಿದ್ದದ್ದು ಇದನ್ನೇ. ನಡುವಿನ ಯಾವುದೋ ವ್ಯಾಗನ್ನಿನಿಂದ ಸುಟ್ಟ ವಾಸನೆ ಬಂತು. ಪಕ್ಕದ ಹಳಿಯಲ್ಲಿ ನಿಲ್ಲಿಸಿದ. ಚಕ್ರಕ್ಕೆ ಬ್ರೇಕು ಕಚ್ಚಿಕೊಂಡಿದೆಯೇನೋ ಎಂದು ವ್ಯಾಗನ್ನುಗಳ ಬ್ರೇಕನ್ನೆಲ್ಲ ಬಿಟ್ಟು, ಇಡೀ ಗಾಡಿಯನ್ನು ಎಂಜಿನ್ನಿನ ಬ್ರೇಕೊಂದರ ಮೇಲೆ ಹಿಡಿದಿಟ್ಟು, ತಾನೂ ಸಹಾಯಕನೂ ಕೆಳಗಿಳಿದು ನೋಡಲು ಹೋದರು. ಗಾಡಿ ಉರುಳತೊಡಗಿತು. ಸಹಾಯಕ ಓಡಿ ಹತ್ತಲು ಹೋಗಿ ಅಲ್ಲೇ ಬಿದ್ದು ತಲೆ ಒಡೆದುಕೊಂಡ. ಆಸ್ಪತ್ರೆಯಲ್ಲಿ ಇನ್ನೂ ಎಚ್ಚರವಾಗಿಲ್ಲ. ಚಾಲಕ ಗಾಡಿಯ ಹಿಂದೆ ಓಡಿಓಡಿ ಸುಸ್ತಾಗಿ ರೈಲ್ವೆ ಗೇಟಿನ ಹತ್ತಿರ ಕುಸಿದ. ಎಚ್ಚರವಾದ ಮೇಲೆ ಎಂಜಿನ್ನಿನಿಂದ ಹಾರಿಕೊಂಡ ಅಂತ ಇಲಾಖೆ ಬರೆದುಕೊಂಡಿತು.

"ಹಾಗಾದ್ರೆ ಎಂಜಿನ್ನಿನ ಬ್ರೇಕು ಯಾಕೆ ಹಿಡೀಲಿಲ್ಲ ಮಾವ?"

ಮಾವ ಕನ್ನಡಕ ತೆಗೆದು ಒರೆಸಿದರು. "ಬ್ರೇಕಿನ ಕೊಳವೆ ಎಡಗಡೆ ಇದೆ. ಅದೆಲ್ಲ ಮರಳಲ್ಲಿ ಹೂತಿದೆ. ಕ್ರೇನು ಬಂದು ಎತ್ತಿದ್ಮೇಲೇ ಗೊತ್ತಾಗೋದು."

"ಸರಿ, ಆಮೇಲೆ? ಮುಂದೆ ಓದಿ."

ಗೆರೆ ಏರುತ್ತ ಏರುತ್ತ ಹೋಗಿ, ಸಿಗ್ನಲ್ಲಿನ ಹತ್ತಿರ ಇದ್ದಕ್ಕಿದ್ದಂತೆ ಇಳಿದಿತ್ತು. ಬಿದ್ದದ್ದಲ್ಲ, ಇಳಿದದ್ದು. ಒಂದು ಮೆಟ್ಟಿಲು, ಸ್ವಲ್ಪ ಸಮತಟ್ಟು. ಇನ್ನೊಂದು ಮೆಟ್ಟಿಲು, ಸಮತಟ್ಟು. ಮೂರನೆಯದು, ಅಲ್ಲಿಂದ ಮರಳು.

ಉರುಳುವ ಗಾಡಿ ತಾನಾಗಿ ಮೆಟ್ಟಿಲು ಇಳಿಯುವುದಿಲ್ಲ.

"ಮಾವ! ಯಾರೋ ಹತ್ತಿದ್ದಾರೆ! ಓಡ್ತಿರೋ ಗಾಡಿಗೆ ಯಾರೋ ಹತ್ತಿ ವ್ಯಾಗನ್ನುಗಳ ಬ್ರೇಕ್ ಹಾಕಿದ್ದಾರೆ!"

ದಿಬ್ಬದ ಆಚೆ ನೋಡಿದೆ. ಇನ್ನೂರು ಹೆಜ್ಜೆ ದೂರದಲ್ಲಿ ಕಾರ್ಮಿಕರ ರೈಲು ನಿಲ್ಲುವ ಪ್ಲಾಟ್‌ಫಾರ್ಮು. ಮೊನ್ನೆ ಹನ್ನೊಂದಕ್ಕೆ ಅಲ್ಲಿ ಮುನ್ನೂರು ಜನರ ಗಾಡಿ ನಿಂತಿತ್ತು. ಈ ಮೂರು ಮೆಟ್ಟಿಲು ಇಲ್ಲದಿದ್ದರೆ ಗೂಳಿ ಮರಳನ್ನು ಹಾರಿ ಆ ಗಾಡಿಯ ಮೇಲೇ ಹೋಗಿ ಕೂತಿರುತ್ತಿತ್ತು. ಮುನ್ನೂರು ಜನರನ್ನು ಉಳಿಸಿದ ಪುಣ್ಯಾತ್ಮ ಯಾರು? ಉಳಿಸಿ ಯಾಕೆ ಮಾಯವಾದ? ಬಾಯಿ ಮುಚ್ಚಿಕೊಂಡು ಒಬ್ಬ ನಿರಪರಾಧಿಯನ್ನು ಯಾಕೆ ಜೈಲಿಗೆ ಕಳಿಸುತ್ತಿದ್ದಾನೆ?

"ಈ ಕೈ ಯಾರದು ಮಾವ? ಹೇಳಿ, ಬೇಗ!"

ಮಾವ ಕಾಗದವನ್ನು ಮಡಿಸಿ ನನ್ನ ಕೈಗಿಟ್ಟರು. "ಗೊತ್ತಾಗ್ತಿಲ್ಲ ಕಣಮ್ಮ."

"ಗೊತ್ತಾಗ್ತಿಲ್ವಾ? ನಿಮಗಾ?"

"ವಯಸ್ಸಾಯ್ತು."

ಹೋದ ವಾರ ಊಟಕ್ಕೆ ಕೂತಾಗ, ಪಕ್ಕದ ಮನೆಯವರ ಮಿಕ್ಸಿ ಸದ್ದು ಕೇಳಿ ತಿರುಗಿಸುತ್ತಿರುವವರು ಅತ್ತೆಯೋ ಸೊಸೆಯೋ ಎಂದು ಹೇಳಿದ ಮನುಷ್ಯ! ಆದರೆ ನಾನು ಆಗ ಖುಷಿಯಲ್ಲಿ ಕುರುಡಾಗಿದ್ದೆ. ಕಾಗದವನ್ನು ಚೀಲಕ್ಕೆ ತುರುಕಿ ಕೆಳಗೆ ಹಾರಿದೆ.

ಕೆಳಗೆ ಚಾಲಕನ ಹೆಂಡತಿ ನಿಂತಿದ್ದಳು.

ಅವಳು ದರ್ಜಿ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ರವಿಕೆಯ ಎದೆಗೆ ಎರಡು ಗುಂಡುಸೂಜಿ ಚುಚ್ಚಿಕೊಂಡಿದ್ದಳು. ಹೊಲಿಗೆ ಮೆಷಿನ್ನಿನ ಮುಂದಿನಿಂದ ಎದ್ದು ನೇರ ಬಂದಿದ್ದಾಳೆ.

"ಅಕ್ಕ, ನಾಲ್ಕು ಗಂಟೆಗೆ ಸಹಿ ಅಂತೆ. ಆಮೇಲೆ ಪೊಲೀಸ್ ಜೀಪಂತೆ. ನಿಜಾನಾ?"

"ನಾಲ್ಕಕ್ಕೆ ಇನ್ನೂ ಹೊತ್ತಿದೆ."

"ಅವರನ್ನ ಷೆಡ್ಡಲ್ಲಿ ಎಲ್ಲರೂ ಗಡಿಯಾರದಣ್ಣ ಅಂತಾರೆ, ಗೊತ್ತಲ್ಲ? ಡ್ಯೂಟಿಯಲ್ಲಿ ನಿದ್ದೆ ಮಾಡಿದ್ರಂತೆ! ಮನೇಲೇ ಸರಿಯಾಗಿ ನಿದ್ದೆ ಮಾಡಲ್ಲ ಆ ಮಹರಾಯ. ಇಪ್ಪತ್ತೊಂದು ವರ್ಷದಿಂದ ನನ್ನ ನಿದ್ದೇನೂ ಕೆಡಿಸಿದ್ದಾರೆ. ಟೈಮೆಷ್ಟು ಟೈಮೆಷ್ಟು ಅಂತ." ನಗಲು ಹೋಗಿ ಅತ್ತುಬಿಟ್ಟಳು. ಮಾವನ ಕಡೆ ತಿರುಗಿದಳು. "ಗುರುಗಳೇ, ನೀವಾದ್ರೂ ಹೇಳಿ. ನೀವೇ ಕಲಿಸಿದ ಕೈ ಅಲ್ವಾ ಅದು? ಅವರು ಹಾಗೆ ಮಾಡೋರಾ?"

ಮಾವ ನೆಲ ನೋಡುತ್ತ, "ಇಲ್ಲಮ್ಮ, ಅವನು ಅಂಥವನಲ್ಲ," ಅಂದರು. ಅವರ ಕಣ್ಣಲ್ಲಿ ನೀರಿತ್ತು.

ದೊಡ್ಡ ಸಾಹೇಬರಿಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಆ ಕಡೆ ಆಕಳಿಸಿದ್ದು ಸ್ಪಷ್ಟವಾಗಿ ಕೇಳಿಸಿತು.

"ಕಾಗದದ ಗೆರೆ ಇಟ್ಕೊಂಡು ನಾನೇನು ರಂಗೋಲಿ ಹಾಕಲಾ ಮೇಡಂ? ಗೇಟಿನವನು ಕಣ್ಣಾರೆ ನೋಡಿದ್ದಾನೆ. ಚಾಲಕ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೊಡೀತಿದ್ದ ಅಂತ ಬರೆದುಕೊಟ್ಟಿದ್ದಾನೆ. ಅವನ ಮಾತು ನಿಂತಿರೋವರೆಗೂ ನನ್ನ ಪೆನ್ನು ನಿಲ್ಲಲ್ಲ."

"ಅವನ ಮಾತು ಬಿದ್ದರೆ?"

"ಬೀಳಿಸಿ ನೋಡಿ. ನಾಲ್ಕರವರೆಗೆ ಕಾಯ್ತೀನಿ."

ಬೀಳಿಸು ಅಂತ ನನಗೆ ಹೇಳಿದರೆ ಮುಗಿಯಿತು.

ಗೇಟು ಅಲ್ಲಿಂದ ಜೀಪಿನಲ್ಲಿ ಹತ್ತು ನಿಮಿಷ. ಮಾವ ಇಳಿಯಲಿಲ್ಲ. "ಮೊಣಕಾಲು ಊದಿಕೊಂಡಿದೆ, ನೀನೇ ಹೋಗಿ ಬಾ," ಅಂದರು. ಮುಚ್ಚಳ ಹಾರಿಸಿದವಳು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಹೋದೆ.

ಗೇಟಿನ ಕೋಣೆ ಎಂಟಡಿ ಉದ್ದ, ಎಂಟಡಿ ಅಗಲ. ಒಂದು ಬೆಂಚು, ಗೋಡೆಯ ಫೋನು, ಮೊಳೆಗೆ ನೇತುಹಾಕಿದ ಕೆಂಪು ಹಸಿರು ಬಾವುಟಗಳು, ಮೂಲೆಯಲ್ಲಿ ಸ್ಟೌ. ಗೇಟಿನವನಿಗೆ ಮೂವತ್ತು ವರ್ಷವಿರಬಹುದು, ಈ ಗೇಟಿಗೆ ಬಂದು ಎರಡು ತಿಂಗಳು. ನನ್ನನ್ನು ಕಂಡಕೂಡಲೇ ಎದ್ದುನಿಂತು ಅಂಗಿಯ ಗುಂಡಿ ಹಾಕಿಕೊಂಡ, ತಪ್ಪು ತೂತಿಗೆ.

"ಕೂತ್ಕೊಳಪ್ಪ. ಹೆದರಬೇಡ, ಒಂದೆರಡು ಮಾತು ಅಷ್ಟೆ. ಟೀ ಇದ್ಯಾ?"

ಟೀ ಬಂತು. ಇಂಥವರ ಹತ್ತಿರ ಜೋರು ಮಾಡಿದರೆ ಬಾಯಿಗೆ ಬೀಗ ಬೀಳುತ್ತದೆ. ನಾನು ಎರಡು ಗುಟುಕು ಕುಡಿದು, "ಚೆನ್ನಾಗಿದೆ" ಅಂದೆ. ಕುಡಿಯಲಾಗದ ಟೀ ಅದು.

"ಗಾಡಿ ಬಂದಾಗ ನೀನು ಎಲ್ಲಿದ್ದೆ?"

"ಈ ಬಾಗಿಲಲ್ಲೇ ನಿಂತಿದ್ದೆ ಮೇಡಂ."

"ಅಂದ್ರೆ ಗಾಡಿ ಹೋಗೋ ದಿಕ್ಕಿಗೆ ಬಲಗಡೆ."

"ಹೌದು ಮೇಡಂ."

"ಚಾಲಕ ಚೆನ್ನಾಗಿ ಕಂಡ್ನಾ?"

"ಇಲ್ಲಿಂದ ಇಲ್ಲಿಗೆ ಮೇಡಂ! ಈ ಕಡೆ ಕಿಟಕಿಯಲ್ಲೇ ಇದ್ರು. ತಲೆ ಹೀಗೆ ಒರಗಿಸಿ ಗೊರಕೆ ಹೊಡೀತಿದ್ರು."

"ಗೊರಕೆನೂ ಕೇಳಿಸ್ತು! ಭೇಷ್. ಪಾಪ, ಸಹಾಯಕನಾದ್ರೂ ಎಬ್ಬಿಸಬಾರದಾ? ಅವನು ಅವನ ಜಾಗದಲ್ಲಿ ಇದ್ನಾ?"

"ಇದ್ರು ಮೇಡಂ. ಆ ಕಡೆ ಸೀಟಲ್ಲಿ. ಅವರೂ ತೂಕಡಿಸ್ತಿದ್ರು."

ಲೋಟ ಕೆಳಗಿಟ್ಟೆ. ಬಿದ್ದ! ಎರಡು ಕಾಲೂ ಒಟ್ಟಿಗೆ ಗುಂಡಿಗೆ ಇಟ್ಟ!

"ಎದ್ದೇಳು. ಬಾಗಿಲಿಗೆ ಬಾ. ಈಗ ನಾನು ಹೇಳ್ತೀನಿ, ನೀನು ಕೇಳು. ಗೂಳಿಯಲ್ಲಿ ಚಾಲಕನಿಗೆ ಒಂದೇ ಸೀಟು. ಬ್ರೇಕು, ಸೀಟಿ, ಗೇರು ಎಲ್ಲ ಅದರ ಮುಂದೆ. ಕ್ಯಾಬು ಮುಂದಾಗಿ ಹೋದ್ರೆ ಆ ಸೀಟು ಬಲಗಡೆ ಬರತ್ತೆ. ನೀನು ದಿನಾ ನೋಡಿರೋದು ಹಾಗೇ, ಅಲ್ವಾ?"

"ಹೌದು..."

"ಷೆಡ್ಡಲ್ಲಿ ಎಂಜಿನ್ ತಿರುಗಿಸೋ ಚಕ್ರ ಕೆಟ್ಟು, ಹೋದ ವಾರದಿಂದ ನಿಂತಿದೆ. ಮೊನ್ನೆ ಹದಿನೇಳನೇ ಗೂಳಿ ತಿರುಗದೇ ಬಂತು. ಉದ್ದ ಮೂಗು ಮುಂದೆ, ಕ್ಯಾಬು ಹಿಂದೆ. ಆಗ ಚಾಲಕನ ಸೀಟು ಯಾವ ಕಡೆ ಹೋಯ್ತು?"

ಅವನು ತನ್ನ ಎರಡು ಕೈಗಳನ್ನು ನೋಡಿಕೊಂಡ. ಬಲಗೈಯನ್ನು ಮೆಲ್ಲಗೆ ಎಡಕ್ಕೆ ತಂದ.

"ಎಡಗಡೆ. ನಿನಗೆ ಕಾಣೋಕೆ ಸಾಧ್ಯಾನೇ ಇಲ್ಲದ ಕಡೆ! ಹೋಗಲಿ, ಇನ್ನೊಂದು. ಆ ಸೀಟಲ್ಲಿ ತೂಕಡಿಸ್ತಿದ್ದ ಅಂದೆಯಲ್ಲ, ಆ ಸಹಾಯಕ, ಅವನು ಅಷ್ಟು ಹೊತ್ತಿಗೆ ಮುನ್ನೂರು ಹೆಜ್ಜೆ ಹಿಂದೆ ಹಳಿ ಪಕ್ಕ ರಕ್ತದಲ್ಲಿ ಬಿದ್ದಿದ್ದ. ಅವನೇನು ದೆವ್ವವಾಗಿ ಬಂದು ತೂಕಡಿಸಿದ್ನಾ?"

"ಮೇಡಂ..."

"ಯಾರು ಹೇಳಿಕೊಟ್ಟರು? ಬೊಗಳು!"

ಕೊನೆಗೂ ಜೋರು ಮಾಡಿಬಿಟ್ಟೆ. ಅದೂ ನನ್ನ ಹುಟ್ಟುಗುಣವೇ.

ಅವನು ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. "ಯಾರೂ ಹೇಳಿಕೊಟ್ಟಿಲ್ಲ ಮೇಡಂ. ನಿಮ್ಮ ಸಾಹೇಬ್ರು ಬಂದು ಚಾಲಕ ನಿದ್ದೆ ಮಾಡ್ತಿದ್ನಾ ಅಂದ್ರು. ಹೌದು ಅಂದ್ರೆ ಬಿಟ್ಟುಬಿಡ್ತಾರೆ ಅಂತ ಹೌದು ಅಂದೆ. ಬರೀ ಅಂದ್ರು, ಬರೆದೆ. ಗೇಟು ತೆರೆದಿತ್ತು ಮೇಡಂ! ಅದೇ ಭಯ. ಗಾಡಿ ಬರೋ ಸುದ್ದಿನೇ ಫೋನಲ್ಲಿ ಬಂದಿರಲಿಲ್ಲ. ನಾನು ಇಲ್ಲಿ ಅನ್ನಕ್ಕೆ ಇಟ್ಟಿದ್ದೆ. ಶಾಲೆ ವ್ಯಾನೊಂದು ದಾಟ್ತಾ ಇತ್ತು."

"ಅಯ್ಯಯ್ಯೋ! ಆಮೇಲೆ?"

"ಒಬ್ಬರು ಯಜಮಾನರು ಸ್ಕೂಟರಲ್ಲಿ ಬಂದ್ರು. ಬಂದವರೇ ಗಾಡಿ ನೋಡಿ, ಮುಚ್ಚೋ ಗೇಟು ಅಂತ ಕಿರುಚಿದ್ರು. ನಾನು ಓಡಿಬಂದು ಮುಚ್ಚಿದೆ. ವ್ಯಾನು ಕೂದಲೆಳೆಯಲ್ಲಿ ಪಾರಾಯ್ತು. ಗಾಡಿ ಆಗ ನಡೆಯೋ ಹಾಗೆ ಬರ್ತಿತ್ತು, ಅಷ್ಟೇನೂ ಜೋರಿರಲಿಲ್ಲ. ಅವರು ಸ್ಕೂಟರ್ ಬಿಸಾಕಿ ಓಡಿ ಎಂಜಿನ್ನಿನ ಮೆಟ್ಟಿಲು ಹಿಡಿದು ಹತ್ತಿಬಿಟ್ರು! ಆ ವಯಸ್ಸಲ್ಲಿ!"

ನಾನು ಅವನ ಭುಜ ಹಿಡಿದು ಅಲ್ಲಾಡಿಸಿದೆ. ಮೂರು ಮೆಟ್ಟಿಲಿನ ಮನುಷ್ಯ! ಸಿಕ್ಕಿಬಿಟ್ಟ!

"ಯಾರು ಅವರು? ಹೆಸರು ಹೇಳು, ಗುರುತು ಹೇಳು!"

"ಗೊತ್ತಿಲ್ಲ ಮೇಡಂ. ಅರ್ಧ ಗಂಟೆ ಬಿಟ್ಟು ನಡ್ಕೊಂಡು ವಾಪಸ್ ಬಂದ್ರು. ಮೈಯೆಲ್ಲ ಮರಳು. ಸ್ಕೂಟರ್ ಎತ್ಕೊಂಡು, ನನ್ನನ್ನ ನೋಡಿದೆ ಅಂತ ಯಾರಿಗೂ ಹೇಳಬೇಡ, ಗೇಟು ತೆರೆದಿತ್ತು ಅಂತ ನಾನೂ ಹೇಳಲ್ಲ ಅಂದ್ರು. ಕೈ ಮುಗಿದು ಕೇಳಿಕೊಂಡ್ರು ಮೇಡಂ, ಅಷ್ಟು ದೊಡ್ಡವರು."

"ಮತ್ತೆ ಕಂಡ್ರೆ ಗುರುತು ಹಿಡೀತೀಯಾ?"

ಅವನು ಕಣ್ಣೊರೆಸಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದ. ತಿರುಗಿದವನು ಹಾಗೇ ನಿಂತುಬಿಟ್ಟ.

"ಮೇಡಂ, ಏನು ತಮಾಷೆ ಮಾಡ್ತೀರಾ? ನಿಮ್ಮ ಜೀಪಲ್ಲೇ ಕೂತಿದ್ದಾರಲ್ಲ."

ಬಾಗಿಲಿನಿಂದ ಜೀಪಿಗೆ ಇಪ್ಪತ್ತು ಹೆಜ್ಜೆ. ಅಷ್ಟು ನಡೆಯುವಷ್ಟರಲ್ಲಿ ನನಗೆ ಕೋಪ, ಹೆಮ್ಮೆ, ಅಳು ಎಲ್ಲ ಒಟ್ಟಿಗೆ ಬಂದವು. ಯಾವುದನ್ನು ಮೊದಲು ಹೊರಗೆ ಹಾಕಬೇಕೋ ತಿಳಿಯಲಿಲ್ಲ.

ಮಾವ ನನ್ನ ಮುಖ ನೋಡಿದ ಕೂಡಲೇ ಬಾಗಿಲು ತೆರೆದು ಇಳಿದು ನಿಂತರು.

"ಅರವತ್ತೆರಡು ವರ್ಷದ ಮುದುಕರು! ಓಡೋ ಗಾಡಿ ಹತ್ತಿದ್ದೀರಿ! ಕಾಲು ಜಾರಿದ್ರೆ ಏನು ಗತಿ?"

"ಜಾರಲಿಲ್ಲ ಕಣಮ್ಮ. ವ್ಯಾಗನ್ ಬ್ರೇಕಿಗೆ ಗಾಳಿ ತುಂಬೋದಕ್ಕೇ ಸಿಗ್ನಲ್ಲಿನವರೆಗೆ ಹೊತ್ತಾಯ್ತು."

"ಮುನ್ನೂರು ಜನರನ್ನ ಉಳಿಸಿದ್ದೀರಿ. ಊರೇ ನಿಮ್ಮನ್ನ ಹೊತ್ತು ಮೆರೆಸೋದು. ಅದು ಬಿಟ್ಟು ಗಡಿಯಾರದಣ್ಣನ ಹೆಂಡತಿ ಎದುರು ನಿಂತು ಅತ್ತಾಗಲೂ ಬಾಯಿ ಬಿಡಲಿಲ್ಲ. ಎರಡು ದಿನದಿಂದ ನನ್ನ ಜೊತೆ ಊಟ ಮಾಡ್ತಾ, ನನ್ನ ಕಣ್ಣಿಗೇ ಮಣ್ಣೆರಚಿದ್ರಾ ಮಾವ? ಯಾಕೆ?"

ಅಷ್ಟರಲ್ಲಿ ನನ್ನ ತಲೆಗೇ ಹೊಳೆಯಿತು. ಅವರು ಹತ್ತಿದ್ದಲ್ಲ ಪ್ರಶ್ನೆ. ಮನೆಯಿಂದ ಅಷ್ಟು ದೂರ, ಸರಿಯಾಗಿ ಹನ್ನೊಂದು ಗಂಟೆಗೆ, ಸರಿಯಾಗಿ ಈ ಗೇಟಿಗೆ ಸ್ಕೂಟರ್ ಓಡಿಸಿಕೊಂಡು ಯಾಕೆ ಬಂದರು?

"ನಿಮಗೆ ಮೊದಲೇ ಗೊತ್ತಿತ್ತು. ಹದಿನೇಳರ ಬ್ರೇಕು ಹಿಡಿಯಲ್ಲ ಅಂತ ಯಾರೋ ನಿಮಗೆ ಹೇಳಿದ್ರು."

ಮಾವ ಜೇಬಿಗೆ ಕೈ ಹಾಕಿ ಅಂಗೈಯಗಲದ ಕೆಂಪು ತಗಡಿನ ಬಿಲ್ಲೆಯೊಂದನ್ನು ತೆಗೆದು ನನ್ನ ಕೈಗಿಟ್ಟರು.

ಷೆಡ್ಡಿನಲ್ಲಿ ಒಬ್ಬೊಬ್ಬ ಫಿಟ್ಟರಿಗೂ ಇಂಥದೊಂದು ಬಿಲ್ಲೆ ಇರುತ್ತದೆ, ಮೇಲೆ ಅವರ ಹೆಸರು. ಬ್ರೇಕು ಬಿಚ್ಚುವ ಮುಂಚೆ ಗಾಳಿ ಬರುವ ಕೊಳವೆಯನ್ನು ಮುಚ್ಚಬೇಕು, ಮುಚ್ಚಿ ಚಾಲಕನ ಸೀಟಿನ ಮುಂದೆ ತಮ್ಮ ಬಿಲ್ಲೆ ನೇತುಹಾಕಬೇಕು. ಬಿಲ್ಲೆ ಇರುವವರೆಗೆ ಎಂಜಿನ್ ಅಲುಗುವಂತಿಲ್ಲ. ಹಾಕಿದವರೇ ತೆಗೆಯಬೇಕು, ಬೇರೆಯವರು ಮುಟ್ಟುವುದೂ ಅಪರಾಧ.

ಬಿಲ್ಲೆಯ ಮೇಲೆ ನಮ್ಮ ನಾದಿನಿಯ ಹೆಸರಿತ್ತು.

"ಹಿಂದಿನ ಸಂಜೆ ಅರ್ಧ ಕೆಲಸ ಮಾಡಿ, ಕೊಳವೆ ಮುಚ್ಚಿ, ಬಿಲ್ಲೆ ಹಾಕಿ ಮನೆಗೆ ಬಂದಿದ್ದಾಳೆ," ಮಾವ ಹೇಳಿದರು. "ಉಳಿದದ್ದು ಬೆಳಗ್ಗೆ ಅಂತ. ಮೊನ್ನೆ ಹತ್ತು ಗಂಟೆ ಪಾಳಿಗೆ ಹೋದ್ರೆ ಎಂಜಿನ್ನೇ ಇಲ್ಲ. ಏಳೂವರೆಗೇ ಷೆಡ್ ಬಿಟ್ಟಿದೆ. ಬಿಲ್ಲೆ ನೋಡಿದ್ರೆ ಅವಳ ಸಾಮಾನಿನ ಪೆಟ್ಟಿಗೆಯಲ್ಲೇ ಇದೆ. ನಾನು ತೆಗೆದಿಲ್ಲ ಅಪ್ಪ ಅಂತ ಫೋನಲ್ಲಿ ಅತ್ತಳು."

"ತಕ್ಷಣ ಕಂಟ್ರೋಲ್ ರೂಮಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಲ್ಲೆ ಯಾರದು ಅಂತ ಮೊದಲು ಕೇಳ್ತಾರೆ. ಬಿಲ್ಲೆ ಕಳಚಿದೆ ಅಂದ್ರೆ ಅವಳೇ ಕಳಚಿದ್ದು ಅಂತ ನಿಯಮಾನೇ ಹೇಳತ್ತೆ. ಆರು ತಿಂಗಳ ನೌಕರಿ ಕಣಮ್ಮ, ಜೈಲಿಗೆ ಹೋಗ್ತಿದ್ದಳು. ನಾನೇ ಹೋಗಿ ಗಡಿಯಾರದವನಿಗೆ ಗುಟ್ಟಾಗಿ ಹೇಳಿ ಕೊಳವೆ ತೆರೆಸ್ತೀನಿ ಅಂತ ಹೊರಟೆ. ಅದೇ ನಾನು ಮಾಡಿದ ತಪ್ಪು. ಮಗಳು ಅಂತ ಮಾಡಿದೆ. ಈಗ ಅವನ ಹೆಂಡತಿ ಮುಖ ನೋಡಕ್ಕಾಗ್ತಿಲ್ಲ." ಅವರು ಜೀಪಿನ ಬಾಗಿಲಿಗೆ ಕೈ ಹಾಕಿದರು. "ನಡಿ, ನಾಲ್ಕರೊಳಗೆ ಸಾಹೇಬರಿಗೆ ಎಲ್ಲ ಹೇಳಿಬಿಡ್ತೀನಿ."

ನಾನು ಅವರ ಕೈ ಹಿಡಿದುಕೊಂಡೆ. ಬೈಯಬೇಕೆಂದುಕೊಂಡಿದ್ದೆಲ್ಲ ಎಲ್ಲೋ ಹೋಯಿತು. "ಮಾವ, ಹೆದರಬೇಡಿ. ಮೊನ್ನೆ ಏಳೂ ಮುಕ್ಕಾಲಿಗೆ ಅವಳ ಹೊದಿಕೆ ಎಳೆದು ಎಬ್ಬಿಸಿದವಳು ನಾನು. ಹದಿನೇಳು ಷೆಡ್ ಬಿಟ್ಟಾಗ ಆ ಮಹಾರಾಣಿ ನಮ್ಮನೇಲಿ ಗೊರ್ ಅಂತ ಮಲಗಿದ್ದಳು. ಸಾಕ್ಷಿ ನಾನೇ ಹೇಳ್ತೀನಿ!"

ಆಗ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರು.

"ಮೇಡಂ, ಗೇಟಿನವನನ್ನ ಬಿಟ್ಟುಬಿಡಿ, ಅವನು ಬೇಡ. ನಿಮ್ಮ ಗಡಿಯಾರದಣ್ಣನನ್ನ ಈಗಷ್ಟೇ ಮನೆಗೆ ಕಳಿಸಿದೆ."

"ಏನಂದ್ರಿ ಸಾರ್?" ಸಂತೋಷಕ್ಕೆ ನಾನು ರಸ್ತೆಯಲ್ಲೇ ಕಿರುಚಿದೆ.

"ತಪ್ಪು ಮಾಡಿದೋರೇ ಬಂದು ಒಪ್ಪಿಕೊಂಡ್ರು. ಷೆಡ್ಡಿನ ಬ್ರೇಕ್ ಫಿಟ್ಟರ್ ಹುಡುಗಿ. ಗಾಳಿ ಕೊಳವೆ ತೆರೆಯೋದು ಮರೆತು, ಬೆಳಗ್ಗೆ ಏಳು ಗಂಟೆಗೆ ಬಂದು ಬಿಲ್ಲೆ ಮಾತ್ರ ನಾನೇ ತೆಗೆದೆ ಅಂತ ಬರೆದು ಸಹಿ ಹಾಕಿದ್ದಾಳೆ. ನಿಮ್ಮ ನಾದಿನಿ ಅಂತೆ. ಹೌದಾ?"

ಏಳು ಗಂಟೆಗೆ ಅವಳು ಷೆಡ್ಡಿನಲ್ಲಿ ಇರಲಿಲ್ಲ. ಮೊನ್ನೆ ಅಪ್ಪನ ಹತ್ತಿರ ತೆಗೆದಿಲ್ಲ ಎಂದು ಅತ್ತವಳು ಇವತ್ತು ತೆಗೆದೆ ಎಂದು ಸುಳ್ಳು ಬರೆದುಕೊಟ್ಟಿದ್ದಾಳೆ. ಅಂದರೆ ಈ ಎರಡು ದಿನದಲ್ಲಿ ಅವಳಿಗೆ ಏನೋ ತಿಳಿದಿದೆ. ಯಾರನ್ನೋ ಉಳಿಸುತ್ತಿದ್ದಾಳೆ.

ಫೋನನ್ನು ಎದೆಗೊತ್ತಿಕೊಂಡು ಕೇಳಿದೆ. "ಮಾವ, ಅವಳ ಸಾಮಾನಿನ ಪೆಟ್ಟಿಗೆಗೆ ಬೀಗ ಇರತ್ತಾ?"

"ಇರದೇ ಏನು? ಬೀಗ ಹಾಕಿತ್ತು. ತೆಗೆದು ನೋಡಿದಾಗ್ಲೇ ಬಿಲ್ಲೆ ಒಳಗಿತ್ತು ಅಂದಳು."

"ಬೀಗದ ಕೈ ಅವಳ ಹತ್ತಿರ ಒಂದೇನಾ?"

"ಎರಡಿತ್ತು. ಕಳೆದುಹಾಕ್ತಾಳೆ ಅಂತ ಇನ್ನೊಂದನ್ನ..." ಮಾವನ ಮಾತು ಅಲ್ಲಿಗೇ ನಿಂತಿತು. ಜೀಪಿನ ಬಾಗಿಲು ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತರು.

"ಇನ್ನೊಂದನ್ನ ಯಾರಿಗೆ ಕೊಟ್ಟಿದ್ದಾಳೆ ಮಾವ?"

"ನಿನ್ನ ಗಂಡನಿಗೆ," ಅಂದರು. "ಅವನೇ ಕೇಳಿ ಇಸ್ಕೊಂಡಿದ್ದ."

ಹೊತ್ತಿಗೆ ಸರಿಯಾಗಿ ಎಂಜಿನ್ ಹೊರಡಿಸುವ ಗುಮಾಸ್ತ. ಮೊನ್ನೆ ಬೆಳಗ್ಗೆ ಆರಕ್ಕೇ ಪಾಳಿಗೆ ಹೋದವನು. ಎರಡು ರಾತ್ರಿಯಿಂದ ತಲೆನೋವು ಎಂದು ಗೋಡೆ ಕಡೆ ತಿರುಗಿ ಮಲಗುತ್ತಿರುವವನು.

"ಹಲೋ? ಮೇಡಂ?" ಎದೆಗೊತ್ತಿದ ಫೋನಿನಿಂದ ಸಾಹೇಬರ ದನಿ ಬರುತ್ತಲೇ ಇತ್ತು. "ಪೊಲೀಸರು ಬಂದಿದ್ದಾರೆ. ಆ ಹುಡುಗಿ ಹೇಳಿದ್ದು ನಿಜಾನಾ, ಸುಳ್ಳಾ? ನಿಜ ಅಂತ ನಿಮ್ಮ ಒಂದು ಮಾತು ಸಾಕು, ಅವರ ಜೊತೆ ಕಳಿಸಿಬಿಡ್ತೀನಿ."

ನಾಲ್ಕು ಗಂಟೆಗೆ ಇನ್ನು ಆರು ನಿಮಿಷವಿತ್ತು.